ವೈಫೈ ಹಾಕಿಸುವ ಮುಂಚೆ, ಹಾಕಿಸಿದ ಮೇಲೆ

ಮನೆಗೆ ಇಂಟರ್ನೆಟ್ ಹಾಕಿಸುವವರು ಜಾಹೀರಾತು ಬಿಟ್ಟು ಮೊದಲು ಪಕ್ಕದ ಮನೆಯವರನ್ನು ಕೇಳಿ. ಒಂದೇ ಕಂಪನಿ ನಮ್ಮ ಬೀದಿಯಲ್ಲಿ ಚೆನ್ನಾಗಿರುತ್ತದೆ, ಹಿಂದಿನ ಬೀದಿಯಲ್ಲಿ ಮಳೆ ಬಂದರೆ ಎರಡು ದಿನ ನಾಪತ್ತೆ. ಕೇಬಲ್ ಕಟ್ ಆದರೆ ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನೋದೇ ಮುಖ್ಯ.

499 ರೂಪಾಯಿ ಪ್ಲಾನ್ ಅಂದರೆ 18% ಜಿಎಸ್‌ಟಿ ಸೇರಿ ಸುಮಾರು 589 ಆಗುತ್ತದೆ. 100 ಎಂಬಿಪಿಎಸ್ ವೇಗ (ಸೆಕೆಂಡಿಗೆ 100 ಮೆಗಾಬಿಟ್; ಎಂಟು ಮೆಗಾಬಿಟ್ ಸೇರಿದರೆ ಒಂದು ಎಂಬಿ) ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಡೌನ್‌ಲೋಡ್. ನಾಲ್ಕು ಜನರ ಮನೆಗೆ ಧಾರಾಳ ಸಾಕು. ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ಈಗ ನಮ್ಮ ಮನೆ ಕಥೆ. ಕನೆಕ್ಷನ್ ಕೊಡಲು ಬಂದ ಹುಡುಗ ವೈಫೈಗೆ ನನ್ನ ಹೆಸರು, ಪಾಸ್‌ವರ್ಡ್‌ಗೆ ನನ್ನ ಮೊಬೈಲ್ ನಂಬರ್ ಇಟ್ಟು ಹೋದ. ನಾನೂ ಸುಮ್ಮನಿದ್ದೆ. ಆರು ತಿಂಗಳಾದ ಮೇಲೆ ರೂಟರ್‌ನ (ವೈಫೈ ಕೊಡುವ ಡಬ್ಬಿಯ) ಸೆಟ್ಟಿಂಗ್ಸ್ ಪುಟ ತೆರೆದರೆ ಹನ್ನೊಂದು ಫೋನ್ ಸೇರಿಕೊಂಡಿವೆ! ಮನೆಯಲ್ಲಿ ಇರುವುದೇ ಐದು. ನನ್ನ ನಂಬರ್ ಇಡೀ ಬಿಲ್ಡಿಂಗಿಗೇ ಗೊತ್ತಲ್ವಾ?

ವೈಫೈ ಪಾಸ್‌ವರ್ಡ್ ಬದಲಿಸಿ. ಜೊತೆಗೆ ರೂಟರ್‌ನ ಲಾಗಿನ್ ಪಾಸ್‌ವರ್ಡನ್ನೂ ಬದಲಿಸಿ, ಇದನ್ನೇ ಎಲ್ಲರೂ ಮರೆಯುವುದು. ರೂಟರ್ ತಳದ ಚೀಟಿ ನೋಡಿ, ಎಷ್ಟೋ ಕಡೆ ಇನ್ನೂ 'ಅಡ್ಮಿನ್' ಅಂತಲೇ ಇರುತ್ತದೆ. ನೆಂಟರು ಬಂದರೆ ಗೆಸ್ಟ್ ವೈಫೈ ಆನ್ ಮಾಡಿ ಕೊಡಿ.

'ಕೆವೈಸಿ ಆಗಿಲ್ಲ, ರಾತ್ರಿ ಕನೆಕ್ಷನ್ ಕಟ್' ಅಂತ ಮೆಸೇಜ್ ಬಂದರೆ ಅದರಲ್ಲಿರುವ ಲಿಂಕ್ ಒತ್ತಬೇಡಿ, ಆ್ಯಪ್ ಹಾಕಿಕೊಳ್ಳಬೇಡಿ. ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.