ಮಳೆಗಾಲದಲ್ಲಿಯೂ ಮೊಟ್ಟೆ: ಬೆಳಕು ಮತ್ತು ಚಿಪ್ಪಿನ ಬಗ್ಗೆ ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಮ್ಮ ಅಡಿಕೆ ತೋಟದ ಬದಿಯಲ್ಲಿ ಗ್ರಾಮಲಕ್ಷ್ಮಿ ಮತ್ತು ಬಿವಿ 380 ತಳಿಯ ಕೋಳಿಗಳನ್ನು ಸಾಕುತ್ತಿದ್ದೇನೆ. ಮಳೆ ಹಿಡಿದ ಮೇಲೆ ಮೊಟ್ಟೆ ಕಡಿಮೆಯಾಗುವುದು ಸಹಜವೆಂದು ನಮ್ಮ ಕಡೆ ಹೆಚ್ಚಿನವರು ಒಪ್ಪಿಕೊಂಡಿದ್ದಾರೆ. ಆದರೆ ಬೆಳಕನ್ನೂ ಸುಣ್ಣದಂಶವನ್ನೂ (ಕ್ಯಾಲ್ಸಿಯಂ) ಸರಿಯಾದ ಹೊತ್ತಿಗೆ ಒದಗಿಸಿದರೆ ಇಳುವರಿಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದೆಂಬುದನ್ನು ನಾನು ಕಂಡುಕೊಂಡಿದ್ದೇನೆ.

ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಕಾಸರಗೋಡಿನಲ್ಲಿ ವರ್ಷದ ಅತಿ ದೀರ್ಘ ಹಗಲು ಕೂಡ 13 ಗಂಟೆ ತುಂಬುವುದಿಲ್ಲ. ಅದೂ ಬರುವುದು ಮೋಡ ಕವಿದ ಜೂನ್ ತಿಂಗಳಿನಲ್ಲಿ. ಅದರ ಮೇಲೆ ಅಡಿಕೆ ಮರಗಳ ನೆರಳು ಬೇರೆ. ಆದ್ದರಿಂದ ಗೂಡಿನಲ್ಲಿ ಎಲ್‌ಇಡಿ ಬಲ್ಬಿಗೆ ಟೈಮರ್ ಜೋಡಿಸಿ, ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತಾ, ನಸುಕಿನ 4 ಗಂಟೆಗೆ ಬೆಳಗುವಂತೆ ಮಾಡಿದೆ. ಸಂಜೆ ಬೆಳಕು ಕೊಟ್ಟು ಒಮ್ಮೆಲೇ ಆರಿಸಿದರೆ ಕೋಳಿಗಳು ಕೂರುವ ಕೋಲನ್ನು ಹತ್ತಲಾರದೆ ಕತ್ತಲಲ್ಲಿ ನೆಲದಲ್ಲೇ ಉಳಿಯುತ್ತವೆ; ಮುಂಜಾನೆಯ ಬೆಳಕಿನಲ್ಲಿ ಆ ತೊಂದರೆಯಿಲ್ಲ. ಬೆಳೆಯುತ್ತಿರುವ ಹ್ಯಾಟೆಗಳನ್ನು (ಇನ್ನೂ ಮೊಟ್ಟೆಗೆ ಬಾರದ ಎಳೆಯ ಹೆಣ್ಣು ಕೋಳಿಗಳನ್ನು) ಮಾತ್ರ ಈ ಬೆಳಕಿನಿಂದ ದೂರವೇ ಇಡಬೇಕು, ಏಕೆಂದರೆ ಮೈ ಬಲಿಯುವ ಮೊದಲೇ ಅವು ಮೊಟ್ಟೆಗೆ ಬಂದರೆ ಮೊಟ್ಟೆ ಸಣ್ಣದಾಗುವುದಲ್ಲದೆ ಗುದದ್ವಾರ ಹೊರಬರುವ ಅಪಾಯವೂ ಇದೆ.

ಬೆಳಕಿನಷ್ಟೇ ಮುಖ್ಯವಾದದ್ದು ಸುಣ್ಣದಂಶ. ಒಂದು ಮೊಟ್ಟೆ ರೂಪುಗೊಳ್ಳಲು ಬೇಕಾಗುವ 24ರಿಂದ 26 ಗಂಟೆಗಳಲ್ಲಿ ಸುಮಾರು 20 ಗಂಟೆ ಅದರ ಓಡು, ಅಂದರೆ ಗಟ್ಟಿ ಹೊರಕವಚ, ಕಟ್ಟುವುದಕ್ಕೇ ಹೋಗುತ್ತದೆ, ಆ ಕೆಲಸದ ಬಹುಪಾಲು ರಾತ್ರಿಯಲ್ಲಿ ನಡೆಯುತ್ತದೆ. ಒಂದು ಓಡಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ರಾತ್ರಿ ಕರುಳಿನಲ್ಲಿ ಅದು ಸಾಲದೆ ಹೋದರೆ ಕೋಳಿ ತನ್ನ ಎಲುಬಿನಿಂದಲೇ ಅದನ್ನು ತೆಗೆದುಕೊಳ್ಳುತ್ತದೆ. ಹೀಗೇ ಮುಂದುವರಿದರೆ ಓಡು ತೆಳುವಾಗುತ್ತದೆ, ಕಾಲಿನ ಬಲ ಕುಗ್ಗುತ್ತದೆ. ಕುಂಬಳೆ ಕಡೆಯಿಂದ ತಂದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ತೊಳೆದು, ಬಿಸಿಲಲ್ಲಿ ಒಣಗಿಸಿ, ಒರಳಿನಲ್ಲಿ ಜಜ್ಜಿ, ಅಡಿಕೆ ಹಾಳೆಯ ಮೇಲೆ ಮಧ್ಯಾಹ್ನದ ನಂತರ ಇಡುತ್ತೇನೆ. ನುಣ್ಣಗೆ ಪುಡಿ ಮಾಡುವುದಿಲ್ಲ. ಹೆಸರುಕಾಳಿನ ಗಾತ್ರದ ಚೂರುಗಳು ಕೋಳಿಯ ಕಲ್ಲುಹೊಟ್ಟೆಯಲ್ಲಿ ನಿಂತು ರಾತ್ರಿಯಿಡೀ ನಿಧಾನವಾಗಿ ಕರಗುತ್ತವೆ, ಪುಡಿಯಾದರೆ ಬೇಗನೆ ಸಾಗಿಹೋಗುತ್ತದೆ. ಮೊಟ್ಟೆಯಿಡುತ್ತಿರುವ ಕೋಳಿಗಳು ಸಂಜೆ ಹೊತ್ತಿಗೆ ಹಾಳೆಯ ಸುತ್ತ ನೆರೆದು ಚೂರುಗಳನ್ನು ಆರಿಸಿ ಆರಿಸಿ ಹೆಕ್ಕುವುದನ್ನು ನೋಡುವಾಗ ನನಗೆ ಪ್ರತಿಸಲವೂ ಸಂತೋಷವಾಗುತ್ತದೆ.

ಆಹಾರದಲ್ಲಿ ನಾನು ರಾಜಿ ಮಾಡುವುದಿಲ್ಲ. 16ರಿಂದ 18 ಶೇಕಡಾ ಪ್ರೊಟೀನ್ ಇರುವ ಲೇಯರ್ ಫೀಡನ್ನು (ಮೊಟ್ಟೆಕೋಳಿಯ ಸಿದ್ಧ ಆಹಾರ) ಕೋಳಿಯೊಂದಕ್ಕೆ ದಿನಕ್ಕೆ ಸುಮಾರು 110 ಗ್ರಾಂ ಲೆಕ್ಕದಲ್ಲಿ ಕೊಟ್ಟು, ಅನ್ನ, ಗಂಜಿ, ಸೊಪ್ಪನ್ನು ಸಂಜೆಗೆ ಸ್ವಲ್ಪವೇ ಹಾಕುತ್ತೇನೆ. ಅನ್ನದಿಂದಲೇ ಹೊಟ್ಟೆ ತುಂಬಿದರೆ ಪ್ರೊಟೀನ್ ಸಾಲದೆ ಮೊಟ್ಟೆ ನಿಲ್ಲುತ್ತದೆ. ನೀರು ತಿನ್ನುವ ಆಹಾರದ ಎರಡರಷ್ಟು ಬೇಕು. ಮಳೆಗಾಲದಲ್ಲಿ ನೆಲದ ಹೊಟ್ಟು ಒದ್ದೆಯಾದರೆ ಅಮೋನಿಯಾ ವಾಸನೆ ಎದ್ದು ಕಣ್ಣಿಗೂ ಉಸಿರಿಗೂ ತೊಂದರೆಯಾಗುವುದರಿಂದ ಆಗಾಗ ಕೆದಕಿ ಒಣ ಹೊಟ್ಟು ಹಾಕುತ್ತಿರಬೇಕು.

ಇಷ್ಟಾದ ಮೇಲೂ ಯಾವ ಕೋಳಿ ಇಡುತ್ತಿಲ್ಲವೆಂಬುದನ್ನು ಕೈಯಿಂದಲೇ ತಿಳಿಯಬಹುದು. ಇಡುವ ಕೋಳಿಯ ಜುಟ್ಟು ಕೆಂಪಾಗಿರುತ್ತದೆ, ಗುದದ್ವಾರ ಅಗಲವಾಗಿ ತೇವವಾಗಿರುತ್ತದೆ, ಅದರ ಎರಡು ಬದಿಯ ಎಲುಬುಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತವೆ. ಒಂದು ಬೆರಳೂ ಕಷ್ಟದಲ್ಲಿ ಹಿಡಿಸುವ ಕೋಳಿ ಗರಿ ಉದುರಿಸುತ್ತಿದೆಯೇ, ಕಾವಿಗೆ ಕೂತಿದೆಯೇ ಎಂದು ಮೊದಲು ನೋಡುತ್ತೇನೆ. ಎರಡೂ ಅಲ್ಲವಾದರೆ ಮಾತ್ರ ಅದನ್ನು ಗುಂಪಿನಿಂದ ಬೇರೆ ಮಾಡುತ್ತೇನೆ.