ಕಣ್ಣಿನ ಜೊತೆ ಕಾಲೂ ಕೈಕೊಟ್ಟಾಗ

ಕಣ್ಣು ಹೋದವರ ಹತ್ತಿರ ಎಲ್ಲರೂ ಹೇಳುವ ಮಾತೊಂದಿದೆ. "ಒಂದು ಹೋದರೇನಾಯ್ತು, ದೇವರು ಉಳಿದ ನಾಲ್ಕನ್ನು ಚುರುಕು ಮಾಡ್ತಾನೆ." ನನ್ನ ಮಟ್ಟಿಗೆ ಇದು ಸುಳ್ಳು. ನನ್ನ ಕಣ್ಣು ತೆಗೆದದ್ದು ಸಕ್ಕರೆ ಕಾಯಿಲೆ. ಅದು ಒಂದನ್ನು ತಿಂದು ಸುಮ್ಮನಾಗುವ ಪೈಕಿ ಅಲ್ಲ. ಪಾದಕ್ಕೆ ಸ್ಪರ್ಶ ಇಲ್ಲ, ಬೆರಳ ತುದಿಗೆ ಯಾವಾಗಲೂ ಅರ್ಧ ಜೋಮು. ಹುಟ್ಟಿನಿಂದ ಕಣ್ಣಿಲ್ಲದವರು ಹೇಳಿಕೊಟ್ಟ ಉಪಾಯಗಳಲ್ಲಿ ಅರ್ಧದಷ್ಟು ನನಗೆ ಒಗ್ಗಲಿಲ್ಲ, ಯಾಕೆಂದರೆ ಅವೆಲ್ಲ ಬೆರಳು ಮತ್ತು ಕಾಲನ್ನು ನಂಬಿದ ಉಪಾಯಗಳು. ಶುಗರ್‌ನಿಂದ ಕಣ್ಣು ಕಳೆದುಕೊಂಡವರು ನಮ್ಮ ತೀರ್ಥಹಳ್ಳಿ ಕಡೆ ನನ್ನ ಪರಿಚಯದಲ್ಲೇ ಇದ್ದಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯುವುದು ಅಂದರೆ ಫೋನಿಗೆ ಹೇಳುವುದು. ಅದು ಬರೆದುಕೊಳ್ಳುತ್ತದೆ, ಕಾಗುಣಿತ ತಪ್ಪಿದ್ದನ್ನು ಮೊಮ್ಮಗಳು ತಿದ್ದುತ್ತಾಳೆ.

ಕಾಯಿಲೆಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಕಣ್ಣಿನ ಹಿಂದಿನ ಪರದೆಯ, ಅಂದರೆ ರೆಟಿನಾದ, ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಕೆಲವು ಸೋರುತ್ತವೆ, ಕೆಲವು ಕಟ್ಟಿಕೊಳ್ಳುತ್ತವೆ. ರಕ್ತ ಸಾಲದಾದಾಗ ಕಣ್ಣು ಹೊಸ ನಾಳ ಬೆಳೆಸುತ್ತದೆ. ಆ ಹೊಸವು ತೀರಾ ನಾಜೂಕು, ಒಡೆದು ಒಳಗೆ ರಕ್ತ ಹರಿಯುತ್ತದೆ. ಇಷ್ಟಾದರೂ ನೋವಿಲ್ಲ. ಪೇಪರ್ ಓದಲು ಬರುತ್ತಿರುತ್ತದೆ, ಅಡಿಕೆ ಆರಿಸಲು ಬರುತ್ತಿರುತ್ತದೆ, ಒಳಗೆ ಮಾತ್ರ ಹಾಳಾಗುತ್ತಿರುತ್ತದೆ. ಅದಕ್ಕೇ ಶುಗರ್ ಇರುವವರು ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿಕೊಂಡು ರೆಟಿನಾ ತೋರಿಸಬೇಕು ಅನ್ನುವುದು. ಕನ್ನಡಕದ ನಂಬರ್ ನೋಡಿಸಿದರೆ ಇದು ಗೊತ್ತಾಗುವುದಿಲ್ಲ. ನನಗೆ ಒಂದು ಬೆಳಿಗ್ಗೆ ಬಲಗಣ್ಣಿನೊಳಗೆ, ನೀರಿಗೆ ಮಸಿ ಬಿಟ್ಟ ಹಾಗೆ, ಕಪ್ಪು ಎಳೆಗಳು ಇಳಿದವು. ಲೇಸರ್, ಕಣ್ಣಿನೊಳಗೆ ಇಂಜೆಕ್ಷನ್, ಆಪರೇಷನ್ ಎಲ್ಲ ಆಯಿತು. ಈಗ ಎಡಗಣ್ಣಿಗೆ ಕಿಟಕಿ ಯಾವ ಕಡೆ ಇದೆ ಅಂತ ತಿಳಿಯುತ್ತದೆ, ಬಲಗಣ್ಣಿಗೆ ಅದೂ ಇಲ್ಲ. ಆಸ್ಪತ್ರೆ ಕಥೆ ಇಷ್ಟು ಸಾಕು.

ಆಮೇಲೆ ನಾನು ಮಾಡಿದ ಮೊದಲ ಕೆಲಸ ಅಂದರೆ ನನ್ನ ಮೈಯಲ್ಲಿ ಯಾವುದನ್ನು ನಂಬಬಹುದು ಅಂತ ಪರೀಕ್ಷೆ ಮಾಡಿದ್ದು. ಜಗಲಿಯಲ್ಲಿ ಕೂತು ಸೊಸೆಯ ಹತ್ತಿರ ಒಂದೊಂದೇ ವಸ್ತು ಕೊಡಲು ಹೇಳಿದೆ. ಅಕ್ಕಿ, ಕಡ್ಲೆಬೇಳೆ, ಅಂಗಿ ಗುಂಡಿ, ಚಿಲ್ಲರೆ. ಒಂದು ರೂಪಾಯಿ ಯಾವುದು, ಎರಡು ರೂಪಾಯಿ ಯಾವುದು ಅಂತ ಬೆರಳ ತುದಿಗೆ ಗೊತ್ತಾಗಲಿಲ್ಲ, ಅಂಗೈ ನಡುವಿಗೆ ಗೊತ್ತಾಯಿತು. ಬಿಸಿ, ತಣ್ಣಗೆ ಎರಡೂ ಮೊಣಕೈಗೆ ಸರಿಯಾಗಿ ತಿಳಿಯುತ್ತದೆ. ಎಲ್ಲಕ್ಕಿಂತ ಸೂಕ್ಷ್ಮ ತುಟಿ ಮತ್ತು ನಾಲಿಗೆ ತುದಿ. ಸೂಜಿಯ ಕಣ್ಣನ್ನು ನಾನು ಈಗ ನಾಲಿಗೆಯಲ್ಲೇ ಹುಡುಕುತ್ತೇನೆ, ನೋಡುವವರಿಗೆ ಮೈ ಜುಮ್ಮೆನ್ನುತ್ತದಂತೆ. ಪಾದ ಲೆಕ್ಕಕ್ಕೇ ಇಲ್ಲ. ಕಿವಿ ಮೊದಲು ಎಷ್ಟಿತ್ತೋ ಅಷ್ಟೇ ಇದೆ, ನಾನು ಕಿವಿಗೊಡುವುದು ಮಾತ್ರ ಜಾಸ್ತಿಯಾಗಿದೆ. ಬ್ರೈಲ್ ಕಲಿಯಲು ಕೂತಿದ್ದೆ. ಒಂದು ಅಕ್ಷರಕ್ಕೆ ಆರು ಚುಕ್ಕೆಯ ಜಾಗ, ಅದರಲ್ಲಿ ಎಲ್ಲಿ ಉಬ್ಬಿದೆ, ಎಲ್ಲಿ ಇಲ್ಲ ಅಂತ ಬೆರಳು ಹೇಳಬೇಕು. ನನ್ನ ಬೆರಳು ಹೇಳಲಿಲ್ಲ, ಬಿಟ್ಟೆ. ಶುಗರ್ ಇರುವವರು ಬ್ರೈಲ್ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಕಿಲ್ಲ. ಅದಕ್ಕೆ ಕಾರಣ ನರ, ಬುದ್ಧಿ ಅಲ್ಲ.

ಇನ್ನು ಕಾಲಿನ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ಕಣ್ಣಿಲ್ಲದವರಿಗೆ ತರಬೇತಿ ಕೊಡುವವರು "ಕಾಲಲ್ಲಿ ನೆಲ ಓದಿ" ಅನ್ನುತ್ತಾರೆ. ಕಾಲೇ ಇಲ್ಲದ ಹಾಗಿದ್ದರೆ ಓದುವುದು ಎಲ್ಲಿಂದ? ಮಲೆನಾಡಿನ ಮನೆಯಲ್ಲಿ ಬರಿಗಾಲಲ್ಲಿ ಓಡಾಡುವುದು ರೂಢಿ. ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು, ಸಗಣಿ ಸಾರಿಸಿದ ಅಂಗಳ, ಮಳೆಗಾಲದಲ್ಲಿ ಪಾಚಿ. ಸ್ಪರ್ಶ ಇಲ್ಲದ ಕಾಲಿಗೆ ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಅದು ಹುಣ್ಣಾಗಿ, ಶುಗರ್ ಇರುವುದರಿಂದ ಬೇಗ ಮಾಯದೆ, ಬೆರಳು ತೆಗೆಯುವ ತನಕ ಹೋಗಬಹುದು. ಕಣ್ಣಿರುವ ಶುಗರ್ ರೋಗಿ ರಾತ್ರಿ ಕಾಲು ನೋಡಿಕೊಳ್ಳುತ್ತಾನೆ. ನಾನು ನೋಡಿಕೊಳ್ಳಲಾರೆ. ಹಾಗಾಗಿ ನಮ್ಮಲ್ಲಿ ರಾತ್ರಿ ಊಟ ಆದ ಮೇಲೆ ಸೊಸೆ ಟಾರ್ಚ್ ಹಿಡಿದು ಎರಡೂ ಪಾದ, ಬೆರಳ ಸಂದಿ, ಹಿಮ್ಮಡಿ ನೋಡುತ್ತಾಳೆ. ಸೊಸೆಯ ಕೈಲಿ ಕಾಲು ಮುಟ್ಟಿಸಿಕೊಳ್ಳುವುದು ಮೊದಮೊದಲು ತುಂಬಾ ಮುಜುಗರ. "ಎಂತ ಅತ್ತೆ, ದನದ ಕಾಲು ದಿನಾ ನೋಡ್ತೀನಿ, ನಿಮ್ಮದು ನೋಡಿದ್ರೆ ಎಂತಾಯ್ತು?" ಅಂದಳು. ಮುಜುಗರ ಅಲ್ಲಿಗೆ ಮುಗಿಯಿತು.

ಮನೆಯೊಳಗೂ ಚಪ್ಪಲಿ ಹಾಕಲು ಶುರು ಮಾಡಿದೆ. ಎಂಸಿಆರ್ ಚಪ್ಪಲಿ ಅಂತ ಸಿಗುತ್ತದೆ, ಒಳಗೆ ಮೆತ್ತನೆ ರಬ್ಬರ್, ಹೊರಗೆ ಗಟ್ಟಿ ಅಟ್ಟೆ, ಸ್ಪರ್ಶ ಇಲ್ಲದ ಕಾಲಿಗೆ ಅಂತಲೇ ಮಾಡಿದ್ದು. ಹಿಂದೆ ಪಟ್ಟಿ ಇರುವುದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಚಪ್ಪಲಿ ಜಾರಿಹೋದದ್ದೂ ಗೊತ್ತಾಗುವುದಿಲ್ಲ. ಅಡುಗೆಮನೆಗೆ ಬೇರೆ ಜೊತೆ, ದೇವರ ಕೋಣೆಗೆ ದಪ್ಪ ಬಟ್ಟೆಯ ಕಾಲುಚೀಲ. ಮಡಿಯ ಬಗ್ಗೆ ಊರಲ್ಲಿ ಇಬ್ಬರು ಅಜ್ಜಿಯಂದಿರು ಮಾತಾಡಿದರು, ಮಾತಾಡಲಿ.

ಬಚ್ಚಲಿನದು ಇನ್ನೊಂದು ಅಪಾಯ. ಹಂಡೆ ನೀರು ಕುದಿಯುತ್ತಿರುತ್ತದೆ, ಕಾಲಿಗೆ ಬಿಸಿ ತಿಳಿಯುವುದಿಲ್ಲ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಆಮೇಲೆ ಮೊಣಕೈ ಅದ್ದಿ ನೋಡುವುದು. ಈ ಕ್ರಮ ತಪ್ಪಿಸುವುದಿಲ್ಲ. ಚಳಿಗಾಲದಲ್ಲಿ ಒಲೆಯ ಮುಂದೆ ಕಾಲು ಚಾಚಿ ಕೂರುವ ಸುಖವನ್ನೂ ಬಿಟ್ಟಿದ್ದೇನೆ. ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ನಡೆಯಲು ಬಿಳಿ ಕೋಲು. ಮಡಚುವಂಥದ್ದು, ನೆಲದಿಂದ ಎದೆಯ ಗುಳಿಯವರೆಗೆ ಬರುವಷ್ಟು ಉದ್ದ. ಬೇರೆಯವರಿಗೆ ಕೋಲು ಮುಂದೇನಿದೆ ಅಂತ ಹೇಳಿದರೆ ಸಾಕು, ನನಗೆ ಕಾಲಡಿ ಏನಿದೆ ಅಂತಲೂ ಅದೇ ಹೇಳಬೇಕು. ಮಣಿಕಟ್ಟಿಗೆ ಬರುವ ಅದುರು ಮತ್ತು ಕಿವಿಗೆ ಬರುವ ಸದ್ದು, ಎರಡನ್ನೂ ಸೇರಿಸಿ ತಿಳಿದುಕೊಳ್ಳಬೇಕು. ಸಿಮೆಂಟು ಟಕ್ ಅನ್ನುತ್ತದೆ, ಜಂಬಿಟ್ಟಿಗೆ ಸ್ವಲ್ಪ ಒರಟು, ಮಣ್ಣು ಮೊದ್ದು, ಪಾಚಿ ಇದ್ದಲ್ಲಿ ತುದಿ ಸದ್ದಿಲ್ಲದೆ ಜಾರುತ್ತದೆ. ಜಾರಿದರೆ ನಿಲ್ಲು, ಅಷ್ಟೇ ನಿಯಮ. ಜಗಲಿಯಿಂದ ಬಚ್ಚಲಿಗೆ, ಅಲ್ಲಿಂದ ಕೊಟ್ಟಿಗೆಗೆ ಸೊಂಟದ ಎತ್ತರಕ್ಕೆ ನೈಲಾನ್ ಹಗ್ಗ ಕಟ್ಟಿಸಿದ್ದೇನೆ, ಮೆಟ್ಟಿಲು ಬರುವ ಮೊದಲು ಹಗ್ಗದಲ್ಲಿ ದಪ್ಪ ಗಂಟು. ಮಳೆಗಾಲಕ್ಕೆ ಅಂಗಳದಲ್ಲಿ ಅಡಿಕೆ ದಬ್ಬೆ ಹಾಸುತ್ತಾರೆ.

ಸಣ್ಣ ಮಳೆ ನನಗೆ ಉಪಕಾರಿ. ಹಂಚಿನ ಮೇಲೆ ಒಂದು ಸದ್ದು, ಬಾಳೆ ಎಲೆ ಮೇಲೆ ಒಂದು, ತಗಡಿನ ಮೇಲೆ ಒಂದು, ಹಾಗಾಗಿ ಯಾವುದು ಎಲ್ಲಿದೆ ಅಂತ ಕೂತಲ್ಲೇ ಗೊತ್ತಾಗುತ್ತದೆ. ದೊಡ್ಡ ಮಳೆ ಬಂತೋ, ಎಲ್ಲ ಅಳಿಸಿಹೋಯಿತು. ನಮ್ಮದೇ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ನಮ್ಮ ಊರಲ್ಲಿ ಅಷ್ಟಿಲ್ಲ, ಆದರೂ ಆಷಾಢದಲ್ಲಿ ಎದುರು ಕೂತವರ ಮಾತೇ ಕೇಳಿಸುವುದಿಲ್ಲ. ಆಗ ಅಂಗಳಕ್ಕೂ ಇಳಿಯುವುದಿಲ್ಲ. ಉಂಬಳ ಬೇರೆ. ಅದು ಹತ್ತಿದ್ದು ಕಣ್ಣಿದ್ದವರಿಗೇ ಗೊತ್ತಾಗುವುದಿಲ್ಲ, ಬಿಟ್ಟ ಮೇಲೂ ರಕ್ತ ನಿಲ್ಲುವುದಿಲ್ಲ. ಹೊರಗೆ ಹೋಗಿ ಬಂದರೆ ಯಾರಾದರೂ ಕಾಲು ನೋಡಲೇಬೇಕು.

ಇನ್ಸುಲಿನ್ ನಾನೇ ಚುಚ್ಚಿಕೊಳ್ಳುತ್ತೇನೆ. ಬಾಟಲಿ, ಸಿರಿಂಜು ನಮ್ಮಂಥವರಿಗಲ್ಲ, ಪೆನ್ ಬೇಕು. ತಿರುಗಿಸಿದರೆ ಟಿಕ್ ಅನ್ನುತ್ತದೆ, ಸಾಮಾನ್ಯವಾಗಿ ಒಂದು ಟಿಕ್‌ಗೆ ಒಂದು ಯೂನಿಟ್. ಎರಡು ಪೆನ್ ಇದ್ದರೆ ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ. ಟಿಕ್ ಸದ್ದೊಂದನ್ನೇ ನಂಬಬೇಡಿ ಅಂತ ಪೆನ್ ಜೊತೆಯ ಚೀಟಿಯಲ್ಲೇ ಇರುತ್ತದೆ. ಆದ್ದರಿಂದ ನಾನು ಎಣಿಸಿದ ಮೇಲೆ ಮನೆಯಲ್ಲಿ ಯಾರಾದರೂ ನಂಬರ್ ನೋಡಿ "ಹ್ಞೂಂ" ಅನ್ನಬೇಕು, ಆಮೇಲೇ ಸೂಜಿ. ಸಕ್ಕರೆ ಕುಸಿದಾಗ ಹುಡುಕಾಡಲು ಪುರುಸೊತ್ತಿರುವುದಿಲ್ಲ, ಹಾಗಾಗಿ ಗ್ಲೂಕೋಸ್ ಪುಡಿ ಯಾವಾಗಲೂ ಸೊಂಟದ ಚೀಲದಲ್ಲೇ.

ಅಡುಗೆಗೆ ಕಿವಿ, ಮೂಗು ಸಾಕು. ಸಾಸಿವೆ ಸಿಡಿಯುವುದು, ದೋಸೆಯ ಚುರ್ ಸದ್ದು ಕಡಿಮೆಯಾಗುವುದು, ಲೋಟ ತುಂಬುತ್ತಾ ಬಂದಂತೆ ನೀರಿನ ಸ್ವರ ಏರುವುದು, ಇವೆಲ್ಲ ಮೊದಲೂ ಇದ್ದವು, ಅಲ್ವಾ. ಉಪ್ಪಿನ ಡಬ್ಬಿ ದುಂಡಗೆ, ಸಕ್ಕರೆಯದು ಚೌಕ. ಯಾರೂ ಜಾಗ ಬದಲಿಸಬಾರದು ಅನ್ನುವುದೊಂದೇ ಜಗಳದ ವಿಷಯ.

ದುಡ್ಡಿನದು ನಿಜವಾಗಿ ತಲೆನೋವು. ನೂರರ ಹೊಸ ನೋಟು 142 ಮಿಲಿಮೀಟರ್ ಉದ್ದ, ಇನ್ನೂರರದು 146, ಐನೂರರದು 150. ನಾಲ್ಕು ಮಿಲಿಮೀಟರ್ ವ್ಯತ್ಯಾಸದಲ್ಲಿ ಗುರುತು ಹಿಡಿಯಬೇಕಂತೆ. ಅಂಚಿನಲ್ಲಿ ಉಬ್ಬು ಗೆರೆಗಳೂ ಇವೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಸಂತೆಯಲ್ಲಿ ನಾಲ್ಕು ಕೈ ಬದಲಾದ ನೋಟಿನಲ್ಲಿ ನನ್ನ ಜೋಮು ಬೆರಳಿಗೆ ಒಂದೂ ಸಿಗುವುದಿಲ್ಲ. ರಿಸರ್ವ್ ಬ್ಯಾಂಕ್ 2020ರಲ್ಲಿ ಬಿಟ್ಟ ಮಣಿ ಅನ್ನುವ ಆ್ಯಪ್ ಇದೆ, ಫೋನಿನ ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದು ಅಂತ ಹೇಳುತ್ತದೆ. ಇಂಟರ್ನೆಟ್ ಬೇಡ. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವ ನಮ್ಮಂಥ ಊರಿಗೆ ಅದು ದೊಡ್ಡ ವಿಷಯ. ಮನೆಯಲ್ಲಿ ಒಮ್ಮೆ ಕೇಳಿಸಿಕೊಂಡು, ನೂರನ್ನು ಮಡಚದೆ, ಇನ್ನೂರನ್ನು ಎರಡಾಗಿ, ಐನೂರನ್ನು ನಾಲ್ಕಾಗಿ ಮಡಚಿ ಇಟ್ಟುಕೊಳ್ಳುತ್ತೇನೆ.

ಈಗ ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ. ಕಣ್ಣು ಮಂಜಾಗಿ ಪೂರ್ತಿ ಹೋದ ಹೊತ್ತಿನಲ್ಲಿ ನನಗೆ ಇಲ್ಲದ್ದೆಲ್ಲ ಕಾಣಲು ಶುರುವಾಯಿತು. ಗೋಡೆ ತುಂಬಾ ರಂಗೋಲಿ, ಬಣ್ಣ ಬಣ್ಣದ್ದು, ನನ್ನ ಒಳ್ಳೆಯ ಕಣ್ಣಿಗೂ ಅಷ್ಟು ಸ್ಪಷ್ಟ ಕಂಡಿರಲಿಲ್ಲ. ಆಮೇಲೆ ಜನ. ಗುರುತಿಲ್ಲದ ಮುಖಗಳು, ದೊಡ್ಡ ಪೇಟ ಸುತ್ತಿದವರು, ಗೇಣುದ್ದದ ಹೆಂಗಸರು, ಜಗಲಿಯಲ್ಲಿ ಸಾಲಾಗಿ ನಿಂತಿರುತ್ತಿದ್ದರು. ಸದ್ದು ಇಲ್ಲ, ಮಾತು ಇಲ್ಲ, ನನ್ನ ಕಡೆ ಗಮನವೂ ಇಲ್ಲ. ಸುಳ್ಳು ಅಂತ ನನಗೆ ಗೊತ್ತಿತ್ತು. ಬಾಯಿ ತಪ್ಪಿ ನಮ್ಮತ್ತೆ ಹತ್ತಿರ ಹೇಳಿದ್ದೇ ತಡ, ತೋಟದ ಚೌಡಿಗೆ ವರ್ಷದ ಪೂಜೆ ಸರಿಯಾಗಲಿಲ್ಲ ಅಂತ ತೀರ್ಮಾನವಾಗಿ ಕೋಳಿ, ಕಾಯಿ ಎಲ್ಲ ಆಯಿತು. ಪೂಜೆಗೆ ನನ್ನ ತಕರಾರಿಲ್ಲ, ಊಟ ಚೆನ್ನಾಗಿತ್ತು. ಆದರೆ ಪೇಟದವರು ಹೋಗಲಿಲ್ಲ.

ಮುಂದಿನ ಸಲ ಕಣ್ಣಿನ ಡಾಕ್ಟರಿಗೆ ಹೇಳಿದೆ. ಹುಚ್ಚು ಅನ್ನುತ್ತಾರೇನೋ ಅಂತ ಹೆದರಿಕೆ ಇತ್ತು. ಅವರು ನಕ್ಕು, ಇದಕ್ಕೆ ಹೆಸರೇ ಇದೆ ಅಮ್ಮ ಅಂದರು. ಚಾರ್ಲ್ಸ್ ಬೊನೆಟ್ ಸಿಂಡ್ರೋಮ್. ಜಿನೀವಾದ ಆ ಮನುಷ್ಯ ತನ್ನ ಅಜ್ಜನಿಗೆ ಹೀಗೆ ಕಾಣುತ್ತಿದ್ದುದನ್ನು 1760ರಲ್ಲೇ ಬರೆದಿಟ್ಟಿದ್ದಾನಂತೆ. ಕಣ್ಣಿನಿಂದ ಸುದ್ದಿ ಬರುವುದು ನಿಂತಾಗ ಮಿದುಳಿನ ನೋಡುವ ಭಾಗ ತಾನೇ ಚಿತ್ರ ಮಾಡಿಕೊಳ್ಳುತ್ತದೆ, ಅಷ್ಟೇ. ಮನಸ್ಸಿನ ಕಾಯಿಲೆ ಅಲ್ಲ. ಕಂಡಾಗ ಕಣ್ಣನ್ನು ಎಡಕ್ಕೆ ಬಲಕ್ಕೆ ಬೇಗ ಬೇಗ ಹೊರಳಿಸಿ, ಎದ್ದು ನಿಲ್ಲಿ, ಲೈಟ್ ಹಾಕಿ ಅಂದರು. ಕೆಲವೊಮ್ಮೆ ಕೆಲಸ ಮಾಡಿತು, ಕೆಲವೊಮ್ಮೆ ಇಲ್ಲ. ದಿನ ಕಳೆದಂತೆ ತಾನಾಗಿ ಕಡಿಮೆಯಾಯಿತು. ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ನೀವೇ ಕೇಳಿ, "ಎಂತಾದ್ರೂ ಕಾಣ್ತದಾ?" ಅಂತ. ಅವರಾಗಿ ಹೇಳುವುದು ಕಷ್ಟ.

ಬಿಟ್ಟುಬಿಟ್ಟ ಕೆಲಸಗಳೂ ಇವೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತಾರು ಜನ ಕೂತು ಅಡಿಕೆ ಸುಲಿಯುತ್ತಾರೆ. ಕಣ್ಣಿದ್ದಾಗ ನಾನು ಮೆಟ್ಟುಗತ್ತಿಯ ಕಡೆ ನೋಡದೆ ಮಾತಾಡುತ್ತಲೇ ಸುಲಿಯುತ್ತಿದ್ದೆ, ಹಾಗಾಗಿ "ಈಗಲೂ ಸುಲಿಬಹುದಲ್ಲ" ಅಂದವರು ತುಂಬಾ ಜನ. ಆಗ ಬೆರಳಿಗೆ ಅಲಗು ಎಲ್ಲಿದೆ ಅಂತ ಗೊತ್ತಾಗುತ್ತಿತ್ತು, ಈಗ ಗೊತ್ತಾಗುವುದಿಲ್ಲ. ಧೈರ್ಯ ತೋರಿಸಲು ಬೆರಳು ಕೊಯ್ದುಕೊಳ್ಳುವ ಆಸೆ ನನಗಿಲ್ಲ. ಅದರ ಬದಲು ಲೆಕ್ಕ ನನ್ನದು. ಯಾರದ್ದು ಎಷ್ಟು ಕೆಜಿ ಅಂತ ತೂಗಿದ ಕೂಡಲೇ ಫೋನಿಗೆ ಹೇಳಿ ಇಡುತ್ತೇನೆ. ಟಾಕ್‌ಬ್ಯಾಕ್ ಅನ್ನುವುದು ಆಂಡ್ರಾಯ್ಡ್ ಫೋನಿನಲ್ಲೇ ಇರುತ್ತದೆ, ಬೇರೆ ದುಡ್ಡು ಕೊಡಬೇಕಿಲ್ಲ, ಪರದೆಯ ಮೇಲಿದ್ದುದನ್ನು ಕನ್ನಡದಲ್ಲೂ ಓದಿ ಹೇಳುತ್ತದೆ. ಬಟವಾಡೆ ದಿನ ನನ್ನ ಲೆಕ್ಕಕ್ಕೆ ಯಾರೂ ತಕರಾರು ಎತ್ತುವುದಿಲ್ಲ.

ಕಾಗದಪತ್ರದ ಬಗ್ಗೆ ಎರಡೇ ಮಾತು. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿ, ಸೌಲಭ್ಯಗಳಿಗೆ ಹೆಚ್ಚಾಗಿ ಶೇಕಡಾ 40 ಅಂಗವಿಕಲತೆ ಇರಬೇಕು. ಎಲ್ಲಿ ಹೋಗಬೇಕು, ಏನು ಬೇಕು ಅಂತ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಹೇಳುತ್ತಾರೆ, ಅದು ಅವರ ಕೆಲಸವೇ. ಶೇಕಡಾ 80 ಮತ್ತು ಮೇಲಿನವರಿಗೆ ನೀಲಿ ಗೆರೆಯ ಕಾರ್ಡ್, 40ರಿಂದ 80ರ ಒಳಗಿನವರಿಗೆ ಹಳದಿ. ಕಣ್ಣು ಕಾಣದವರಿಗೆ ಬಣ್ಣದಲ್ಲಿ ಗುರುತು ಮಾಡಿಕೊಟ್ಟ ಪುಣ್ಯಾತ್ಮ ಯಾರೋ.

ಕೊನೆಗೆ ಮದುವೆಮನೆಯಲ್ಲಿ ಸಿಗುವ ನೆಂಟರಿಗೆ. ನನ್ನ ತೋಳು ಹಿಡಿದು ಮುಂದಕ್ಕೆ ತಳ್ಳಬೇಡಿ. ನಿಮ್ಮ ಮೊಣಕೈ ಕೊಡಿ, ನಾನು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತೇನೆ. ಮೆಟ್ಟಿಲು ಬಂದರೆ ಹತ್ತುವುದೋ ಇಳಿಯುವುದೋ ಹೇಳಿ. ಮಾತಾಡುತ್ತಾ ಎದ್ದು ಹೋಗುವುದಾದರೆ ಹೇಳಿ ಹೋಗಿ, ಖಾಲಿ ಕುರ್ಚಿಗೆ ಮಗಳ ಬಾಣಂತನದ ಕಥೆ ಹೇಳಿ ಮುಗಿಸಿದವಳು ನಾನು. ಮತ್ತೆ ಆ "ನಾನು ಯಾರು ಹೇಳಿ ನೋಡುವಾ" ಆಟ ಬೇಡ, ದಯವಿಟ್ಟು. ಇನ್ನೂರು ಜನ, ವಾಲಗ, ಮೈಕು. ಹೆಸರು ಹೇಳಿ, ಯಾರ ಮನೆಯವರು ಅಂತ ಹೇಳಿ, ಆಮೇಲೆ ಅಡಿಕೆ ರೇಟಿನಿಂದ ಹಿಡಿದು ಎಲ್ಲ ಮಾತಾಡೋಣ.