ಎಡಿಎಚ್‌ಡಿ ತಲೆ, ತಿಂಗಳ ಸಂಬಳ, ಮನೆಯ ನೆಮ್ಮದಿ

ನನ್ನ ಹಾಗೆ ಎಡಿಎಚ್‌ಡಿ (ಗಮನ ನಿಲ್ಲದ, ಮರೆವು, ದುಡುಕು ಕಾಡುವ ಮಿದುಳಿನ ಸ್ಥಿತಿ) ಇರುವವರಿಗೆ "ಖರ್ಚನ್ನು ಡೈರಿಯಲ್ಲಿ ಬರೆದಿಡಿ" ಅನ್ನುವವರೇ ಜಾಸ್ತಿ. ಬರೆಯಬೇಕು ಅನ್ನೋದೇ ನೆನಪಿರದವರಿಗೆ ಇದು ಸುಮ್ನೆ ಮಾತು, ಅಲ್ವಾ? ನನ್ನ ಕೈ ಹಿಡಿದದ್ದು ಬೇರೆ. ಬಿಲ್ಲು ಕಟ್ಟೋದಕ್ಕೆ ನಾನು ಏನೂ ಮಾಡಬೇಕಾಗಿರಬಾರದು, ಖರ್ಚು ಮಾಡೋದಕ್ಕೆ ಮಾತ್ರ ಸ್ವಲ್ಪ ಒದ್ದಾಡಬೇಕು.

ಸಂಬಳ ಬೀಳುವ ಖಾತೆಗೆ ಯುಪಿಐ ಜೋಡಿಸಿಲ್ಲ. ಮನೆ ಸಾಲದ ಕಂತು, ವಿಮೆ, ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳ ಕಂತು) ಎಲ್ಲ ಅಲ್ಲಿಂದಲೇ ತಿಂಗಳ ಮೊದಲ ವಾರದಲ್ಲಿ ತಾನಾಗಿ ಕಟ್ ಆಗುತ್ತವೆ. ಪ್ರತಿ ಸೋಮವಾರ ಇನ್ನೊಂದು ಖಾತೆಗೆ ವಾರದ ದುಡ್ಡು ಹೋಗುತ್ತದೆ, ಫೋನಿನಲ್ಲಿ ಯುಪಿಐ ಇರೋದು ಅದಕ್ಕೊಂದಕ್ಕೇ, ಖಾಲಿಯಾದರೆ ಖಾಲಿ. ನನಗೆ ಮೂವತ್ತನೇ ತಾರೀಕು ಅಂದರೆ ಮುಂದಿನ ಜನ್ಮ ಇದ್ದ ಹಾಗೆ. ವಾರದ ಕೊನೆಯ ಭಾನುವಾರವಾದರೋ ಕಣ್ಣಿಗೆ ಕಾಣುತ್ತದೆ.

ಕ್ರೆಡಿಟ್ ಕಾರ್ಡಿಗೆ ಆಟೋಪೇ ಹಾಕುವಾಗ "ಮಿನಿಮಮ್ ಡ್ಯೂ" (ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಆರಿಸಬೇಡಿ, "ಟೋಟಲ್ ಡ್ಯೂ" (ಪೂರ್ತಿ ಬಾಕಿ) ಆರಿಸಿ. ಮಿನಿಮಮ್ ಕಟ್ಟಿದರೆ ಲೇಟ್ ಫೀ ತಪ್ಪುತ್ತದೆ ಅಷ್ಟೇ, ಉಳಿದದ್ದಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ, ಎಷ್ಟೋ ಕಾರ್ಡುಗಳಲ್ಲಿ ತಿಂಗಳಿಗೆ 3.5%ರ ಆಸುಪಾಸು, ಅಂದರೆ ವರ್ಷಕ್ಕೆ 40% ದಾಟುತ್ತದೆ. ಇನ್ನು ಮರೆತುಹೋದ ಸಬ್‌ಸ್ಕ್ರಿಪ್ಷನ್‌ಗಳು. ಇಂಥ ಆಟೋ ಡೆಬಿಟ್‌ಗೆ 24 ಗಂಟೆ ಮುಂಚೆ ತಿಳಿಸಬೇಕು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ. ಆ ಮೆಸೇಜ್ ಬಂದ ಕೂಡಲೇ, ನಿಂತ ಜಾಗದಲ್ಲೇ, ಬೇಕಾ ಬೇಡ್ವಾ ತೀರ್ಮಾನ ಮಾಡುತ್ತೇನೆ. "ಆಮೇಲೆ ನೋಡೋಣ" ಅಂದರೆ ಮುಗೀತು.

ದುಡ್ಡಿಗಿಂತ ಕಷ್ಟದ್ದು ಮನೆಯೊಳಗಿನ ಮಾತು. "ಕಟ್ಟಿದ್ರಾ?" ಅಂತ ಹೆಂಡತಿ ಕೇಳೋದು, ನಾನು ಸಿಡುಕೋದು. ಅವಳಿಗೆ ಇದು ಅಸಡ್ಡೆ ಅನ್ನಿಸುತ್ತಿತ್ತು, ನನಗೆ ಹೆಂಡತಿ ಹೋಗಿ ಮೇಷ್ಟ್ರು ಬಂದ ಹಾಗೆ. ಸೈಕಿಯಾಟ್ರಿಸ್ಟ್ ಹತ್ತಿರ ಇಬ್ಬರೂ ಒಟ್ಟಿಗೆ ಹೋದ ಮೇಲೆ ಸ್ವಲ್ಪ ತಿಳಿಯಾಯಿತು. ಮಾತ್ರೆಯಿಂದ ಗಮನ ಸುಧಾರಿಸಿದೆ, ನಿಜ, ಆದರೆ ಮಾತ್ರೆ ಹೋಗಿ ಬಿಲ್ಲು ಕಟ್ಟಿ ಬರಲ್ಲ. ಈಗ ಕಟ್ಟಿದ್ದರ ಪಟ್ಟಿ ಫ್ರಿಜ್ ಬಾಗಿಲ ಮೇಲಿದೆ. ಅವಳು ಅದನ್ನು ನೋಡುತ್ತಾಳೆ, ನನ್ನನ್ನು ಕೇಳಲ್ಲ. ಲೆಕ್ಕದ ಮಾತು ಭಾನುವಾರ ತಿಂಡಿ ಆದ ಮೇಲೆ ಮಾತ್ರ, ರಾತ್ರಿ ಮಲಗುವ ಹೊತ್ತಿಗಂತೂ ಇಲ್ಲವೇ ಇಲ್ಲ.

ಯಾರಾದರೂ ಸಾಲ ಕೇಳಿದರೆ ಬಾಯಿಂದ "ಆಯ್ತು" ಅಂತ ಥಟ್ಟನೆ ಬರುತ್ತದೆ, ಅದು ಈ ತಲೆಯ ಗುಣ. ಅದಕ್ಕೇ "ನಾಳೆ ಹೇಳ್ತೀನಿ" ಅನ್ನೋದನ್ನು ರೂಢಿ ಮಾಡಿಕೊಂಡೆ. "ಮನೇಲಿ ಕೇಳಬೇಕು" ಅನ್ನಲ್ಲ, ಅವಳನ್ನೇಕೆ ಎಲ್ಲರ ಕಣ್ಣಲ್ಲಿ ಕೆಟ್ಟವಳು ಮಾಡಬೇಕು? ಅವಳ ತಮ್ಮ ಕೇಳಿದಾಗ ಮಾತ್ರ ಅವಳು ಧಾರಾಳವಾಗಿ "ಭಾವನನ್ನೇ ಕೇಳು" ಅಂದುಬಿಡುತ್ತಾಳೆ.